ಎಡಗೈಯ ಪೆಟ್ಟು

ದಹಿಸರ್
15 ಜೂನ್ 2025

ಮಾನ್ಯ ಗುಲಾಫಶಾ ಮೇಡಂ ಅವರಿಗೆ,

ನಮಸ್ಕಾರ. ನನ್ನ ಹೆಸರು ಅಂಗಾರ. ನಿಮಗೆ ನನ್ನ ಪರಿಚಯವಿಲ್ಲ. ನೀವು ನನಗೆ ಸಿಕ್ಕಿದ್ದು ನನ್ನ ಲ್ಯಾಪ್‌ಟಾಪಿನ ಒಳಗೆ. ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ ‘ಕುರಿತು’ ಎಂದು ಒಂದು ಕಡೆ ಬರೆದಿದೆ. ಒತ್ತಿ ನೋಡಿದರೆ ರಾಶಿ ಪರದೇಶದ ಹೆಸರುಗಳ ನಡುವೆ ‘ಕನ್ನಡ: ಗುಲಾಫಶಾ ಶರೀಫ’ ಎಂದೂ ಪಕ್ಕದಲ್ಲಿ ಈ ಈಮೇಲ್ ವಿಳಾಸವೂ ಕಂಡಿತು. ದೂರು ಹೇಳಿಕೊಳ್ಳಲು ಕನ್ನಡದವರು ಒಬ್ಬರಾದರೂ ಇದ್ದಾರಲ್ಲ ಎಂದು ಬರೆಯುತ್ತಿದ್ದೇನೆ.

ನಾನು ಮಾಟುಂಗದ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಅದು ಹೊಟ್ಟೆಪಾಡು. ಭಾನುವಾರ ಸಂಜೆ ಅಲ್ಲೇ ಹತ್ತಿರ ನಮ್ಮ ತಾಳಮದ್ದಳೆ ಕೂಟ ಸೇರುತ್ತದೆ. ತಾಳಮದ್ದಳೆ ಎಂದರೆ ಯಕ್ಷಗಾನವೇ, ವೇಷ ಕುಣಿತ ಇಲ್ಲದೆ ಕುಳಿತು ನಡೆಸುವುದು. ತಿಲಕ್ ಭಾಗವತರು ಪದ ಹಾಡುತ್ತಾರೆ, ನಾನು ಅವರ ಪಕ್ಕದಲ್ಲಿ ಕುಳಿತು ಮದ್ದಳೆ ಬಾರಿಸುತ್ತೇನೆ. ಏಪ್ರಿಲಿನಲ್ಲಿ ಅವರು ಎಲ್ಲರ ಎದುರಿಗೇ ಹೇಳಿದರು: “ಅಂಗಾರಣ್ಣ, ನಿಮ್ಮ ಕೈ ಹಿಂದೆ ಬೀಳ್ತಾ ಉಂಟು. ನೀವು ಬರುವಷ್ಟರಲ್ಲಿ ನಾನು ಮುಂದಿನ ಸಾಲಿಗೆ ಹೋಗಿ ಆಗಿರ್ತದೆ.” ನವೆಂಬರಿನಲ್ಲಿ ವಾರ್ಷಿಕ ಕೂಟ. ಅಷ್ಟರೊಳಗೆ ಕೈ ಸರಿಯಾಗದಿದ್ದರೆ ನನ್ನ ಜಾಗದಲ್ಲಿ ಬೊರಿವಲಿಯ ಬ್ಯಾಂಕಿನವರೊಬ್ಬರು ಕೂರುತ್ತಾರಂತೆ.

ನನ್ನ ಕೈ ಸರಿಯಾಗಿಯೇ ಇದೆ. ಅದನ್ನು ರೆಕಾರ್ಡ್ ಮಾಡಿ ಅವರಿಗೆ ಕೇಳಿಸಿಬಿಡೋಣ ಎಂದು ಹಳೆಯ ಲ್ಯಾಪ್‌ಟಾಪ್ ತೆಗೆದುಕೊಂಡೆ. ಅದನ್ನು ಮಾರಿದ ರಿಪೇರಿ ಅಂಗಡಿಯ ರೋಶನ್ ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಟ್ಟ. “ಅಂಕಲ್, ಫುಲ್ ಫ್ರೀ, ಕನ್ನಡದಲ್ಲೇ ಉಂಟು, ಟೆನ್ಶನ್ ಬೇಡ” ಎಂದ. ಹೆಡ್‌ಫೋನಿನಲ್ಲಿ ಮೊದಲೇ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಭಾಗವತರ ಪದ ಕೇಳುತ್ತಾ ನಾನು ಬಾರಿಸಿ ರೆಕಾರ್ಡ್ ಮಾಡಿದೆ. ಆಮೇಲೆ ಎರಡನ್ನೂ ಒಟ್ಟಿಗೆ ಕೇಳಿದರೆ ಮದ್ದಳೆ ಹಿಂದೆ ಬೀಳುತ್ತದೆ. ಯಂತ್ರವೇ ಭಾಗವತರ ಪಕ್ಷ ಹಿಡಿದ ಹಾಗಿದೆ. ನನ್ನಂಥವನಿಗೆ ಆಗುವಂಥದ್ದು, ಸಂಗೀತಕ್ಕೆ ಸರಿಹೊಂದುವಂಥದ್ದು ಬೇರೆ ಯಾವ ಆಪರೇಟಿಂಗ್ ಸಿಸ್ಟಂ ಇದೆ, ದಯವಿಟ್ಟು ತಿಳಿಸಿ.

ರಾತ್ರಿಶಾಲೆಯಲ್ಲಿ ಕಲಿತ ಕನ್ನಡ, ತಪ್ಪಿದ್ದರೆ ಕ್ಷಮಿಸಿ.

ಇಂತು,
ಅಂಗಾರ


18 ಜೂನ್ 2025

ಮಾನ್ಯ ಅಂಗಾರ ಅವರಿಗೆ,

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಆ ಸಾಫ್ಟ್‌ವೇರ್ ಮಾಡಿದವಳು ನಾನಲ್ಲ. ಬೇರೆ ಬೇರೆ ದೇಶದವರು ಸೇರಿ ಸಂಬಳವಿಲ್ಲದೆ ಮಾಡಿದ್ದು. ಅದರ ಗುಂಡಿಗಳ ಮೇಲಿನ ಮಾತುಗಳನ್ನು ಕನ್ನಡಕ್ಕೆ ತಂದದ್ದು ಮಾತ್ರ ನಾನು. ತಂದೆ ಆಸ್ಪತ್ರೆಯಲ್ಲಿದ್ದ ವರ್ಷ, ಪಕ್ಕದಲ್ಲಿ ಕುಳಿತು ಮಾಡಿದ ಕೆಲಸ. ಅದನ್ನು ಯಾರಾದರೂ ಬಳಸುತ್ತಾರೆ ಎಂದು ಇಂದಿನವರೆಗೆ ನನಗೆ ಗೊತ್ತಿರಲಿಲ್ಲ. ನಿಮ್ಮದೇ ಮೊದಲ ಪತ್ರ. ದೂರಾದರೂ ಸರಿ, ಸಂತೋಷವಾಯಿತು.

ನಿಮ್ಮ ಪ್ರಶ್ನೆಗೆ ನಾಲ್ಕು ಕಡೆ ಓದಿ ಉತ್ತರ ಬರೆಯುತ್ತಿದ್ದೇನೆ. ಲಿನಕ್ಸಿನಲ್ಲಿ ಹಲವು ಬಗೆಗಳಿವೆ, ಎಲ್ಲವೂ ಉಚಿತ. ಹೊಸಬರಿಗೆ ‘ಮಿಂಟ್’ ಸುಲಭ. ರೋಶನ್ ಹಾಕಿರುವುದು ಬಹುಶಃ ಅದೇ. ‘ಉಬುಂಟು ಸ್ಟುಡಿಯೋ’ ಎಂಬುದು ಸಂಗೀತದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಬೇಕಾದ ಸಾಫ್ಟ್‌ವೇರ್ ಎಲ್ಲ ಜೊತೆಗೇ ಬರುತ್ತದೆ, ಧ್ವನಿ ಒಳಗೆ ಹೋಗಿ ಹೊರಗೆ ಬರಲು ಕಡಿಮೆ ಹೊತ್ತು ಹಿಡಿಯುತ್ತದೆ. ಆದರೆ ಕಲಿಯುವುದು ಜಾಸ್ತಿ ಇರುತ್ತದೆ. ಈಗಿರುವುದನ್ನು ಅಳಿಸಬೇಡಿ. ಸ್ಟುಡಿಯೋವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅದರಿಂದಲೇ ನಡೆಸಿ ನೋಡಿ. ಇಷ್ಟವಾದರೆ ಆಮೇಲೆ ಖಾಯಂ ಮಾಡಿ.

ನಿಮ್ಮ ಕನ್ನಡದಲ್ಲಿ ತಪ್ಪಿಲ್ಲ.

ಗುಲಾಫಶಾ


ದಹಿಸರ್
29 ಜೂನ್ 2025

ಗುಲಾಫಶಾ ಮೇಡಂ ಅವರಿಗೆ ನಮಸ್ಕಾರಗಳು.

ಪೆನ್‌ಡ್ರೈವಿನಿಂದ ಸ್ಟುಡಿಯೋ ನಡೆಯಿತು. ಕಳೆದ ಭಾನುವಾರ ಅಭ್ಯಾಸ ಇರಲಿಲ್ಲ. ಮಧ್ಯಾಹ್ನವಿಡೀ ಕುಳಿತು ಬಾರಿಸಿದೆ. ನನ್ನ ಖೋಲಿ, ಅಂದರೆ ಒಂದೇ ಕೋಣೆಯ ಮನೆ, ಚಾಳಿನ ಸಾಲಿನಲ್ಲಿ ಕೊನೆಯದು, ಎದುರಿಗೆ ರುಕ್ಮಿಣಿಬಾಯಿ. ಅವರು ಬಾಗಿಲಲ್ಲಿ ನಿಂತು “ಭಾವೂ, ಜರಾ ಹಳೂ ವಾಜವಾ” ಎಂದರು. ಮೆಲ್ಲಗೆ ಬಾರಿಸು ಎಂದರೆ ಮದ್ದಳೆಗೆ ಗೊತ್ತಾಗುತ್ತದೆಯೇ. ಒಂದು ಪ್ಲೇಟು ನೀರ್‌ದೋಸೆ ಕೊಟ್ಟು ಸಮಾಧಾನ ಮಾಡಿದೆ.

ಆರು ಪದ ರೆಕಾರ್ಡ್ ಆಗಿತ್ತು. ರಾತ್ರಿ ಯಂತ್ರ ಆರಿಸಿ ಮಲಗಿದೆ. ಬೆಳಿಗ್ಗೆ ಹಾಕಿ ನೋಡಿದರೆ ಒಂದೂ ಇಲ್ಲ. ನಾನು ಆ ಯಂತ್ರದ ಮುಂದೆ ಕೂತೇ ಇರಲಿಲ್ಲವೇನೋ ಎಂಬ ಹಾಗೆ ಎಲ್ಲ ಗುಡಿಸಿ ಇಟ್ಟಿದೆ. ನಾನು ಮಾಡಿದ ತಪ್ಪೇನು?

ಅಂಗಾರ


2 ಜುಲೈ 2025

ಮಾನ್ಯ ಅಂಗಾರ ಅವರಿಗೆ,

ತಪ್ಪು ನಿಮ್ಮದಲ್ಲ, ನನ್ನದು. ಪೆನ್‌ಡ್ರೈವಿನಿಂದ ನಡೆಸಿ ನೋಡುವಾಗ ಯಂತ್ರ ಆರಿಸಿದ ಕೂಡಲೇ ಅದು ಎಲ್ಲವನ್ನೂ ಮರೆಯುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತು. ನಿಮ್ಮ ಮಧ್ಯಾಹ್ನ ಹಾಳಾಯಿತು. ಬೇಸರವಾಗುತ್ತಿದೆ.

ಇನ್ನು ಮೇಲೆ ಪ್ರತಿ ಸಲ ಬಾರಿಸಿದ ಮೇಲೆ ಫೈಲನ್ನು ನನಗೆ ಕಳಿಸಿಬಿಡಿ. ನನ್ನಲ್ಲಿ ಜೋಪಾನವಾಗಿರುತ್ತದೆ.

ಇನ್ನೊಂದು ಪರೀಕ್ಷೆ ಮಾಡಿ. ಹೆಡ್‌ಫೋನಿನ ಒಂದು ಕಿವಿಯನ್ನು ಮೈಕಿಗೆ ಒತ್ತಿ ಹಿಡಿದು ಸಾಫ್ಟ್‌ವೇರಿನಲ್ಲಿರುವ ‘ಟಿಕ್ ಟಿಕ್’ ಸದ್ದನ್ನು ನುಡಿಸಿ, ಅದನ್ನೇ ರೆಕಾರ್ಡ್ ಮಾಡಿ. ಹೋದ ಟಿಕ್ಕಿಗೂ ಬಂದ ಟಿಕ್ಕಿಗೂ ನಡುವೆ ಎಷ್ಟು ಅಂತರ ಇದೆಯೋ ಅಷ್ಟು ಯಂತ್ರದ ತಡ. ಸಾಫ್ಟ್‌ವೇರಿನಲ್ಲಿ ‘ವಿಳಂಬ ಪರಿಹಾರ’ ಎಂಬ ಜಾಗದಲ್ಲಿ ಆ ಸಂಖ್ಯೆ ಹಾಕಿದರೆ ಮುಂದೆ ಅದೇ ಸರಿಪಡಿಸಿಕೊಳ್ಳುತ್ತದೆ.

ಗುಲಾಫಶಾ


ದಹಿಸರ್
13 ಜುಲೈ 2025

ಗುಲಾಫಶಾ ಮೇಡಂ ಅವರಿಗೆ,

ವಿಳಂಬಕ್ಕೆ ಪರಿಹಾರ ಎಂದು ಬರೆದಿದ್ದೀರಿ. ನಮ್ಮ ವೆಸ್ಟರ್ನ್ ಲೈನಿನ ರೈಲಿನವರಿಗೂ ಅಂಥದ್ದೊಂದು ಜಾಗ ತೋರಿಸಿ, ಇಡೀ ದಹಿಸರ್ ನಿಮ್ಮ ಹೆಸರಲ್ಲಿ ಪೂಜೆ ಮಾಡಿಸುತ್ತದೆ. ನೀವು ಹೇಳಿದ ಹಾಗೆ ಟಿಕ್ಕಿನ ಪರೀಕ್ಷೆ ಮಾಡಿ ಸಂಖ್ಯೆ ಹಾಕಿದೆ. ಆಮೇಲೆ ಟಿಕ್ಕಿಗೆ ಟಿಕ್ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಆದರೆ ಮದ್ದಳೆ ಮಾತ್ರ ಈಗಲೂ ಹಿಂದೆಯೇ. ಫೈಲ್ ಕಳಿಸಿದ್ದೇನೆ, ಕೇಳಿ.

ನೀವು ಧಾರವಾಡದ ಕಡೆಯವರಿರಬೇಕು. ಕಾಲೇಜಿನಲ್ಲಿ ಪಾಠ ಹೇಳುವವರ ಕನ್ನಡ ನಿಮ್ಮದು. ಇಷ್ಟು ದೂರದಿಂದ ನನಗಾಗಿ ಹೊತ್ತು ಕೊಡುತ್ತಿದ್ದೀರಿ. ನಿಮ್ಮ ಫೋನ್ ನಂಬರ್ ಕೊಟ್ಟರೆ ಮಾತಾಡಿಕೊಂಡೇ ಸರಿಮಾಡಬಹುದಿತ್ತು. ಮೊಬೈಲಿನಲ್ಲಿ ಉದ್ದ ಬರೆಯುವುದು ಕಷ್ಟ. ಈ ನಡುವೆ ಹೋಟೆಲಿನಲ್ಲಿಯೂ ಕೈಯಿಂದ ತಟ್ಟೆ ಜಾರುತ್ತದೆ, ಈ ವಾರ ಎರಡು ಹೋಯಿತು. ಎಣ್ಣೆ ಕೈ, ಏನು ಮಾಡುವುದು.

ಅಂಗಾರ


16 ಜುಲೈ 2025

ಮಾನ್ಯ ಅಂಗಾರ ಅವರಿಗೆ,

ಫೋನ್ ಬೇಡ. ಪತ್ರವೇ ಇರಲಿ.

ರೆಕಾರ್ಡಿಂಗ್ ಕೇಳಿದೆ, ಪರದೆಯ ಮೇಲೆ ಅದರ ಗೆರೆಗಳನ್ನೂ ನೋಡಿದೆ. ಒಂದು ಪ್ರಶ್ನೆ. ಮದ್ದಳೆಯಲ್ಲಿ ‘ಧೊಂ’ ಎನ್ನುವ ತಗ್ಗಿನ ಪೆಟ್ಟು ಯಾವ ಕೈಯದು?

ಗುಲಾಫಶಾ


ದಹಿಸರ್
10 ಆಗಸ್ಟ್ 2025

ಮೇಡಂ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ. ಫೋನ್ ನಂಬರ್ ಕೇಳಿದ್ದು ನನ್ನ ತಪ್ಪು. ಆದರೆ ‘ಬೇಡ’ ಎಂಬ ಒಂದೇ ಮಾತು ಓದಿದಾಗ ನನಗೆ ಬೇರೆ ಏನೇನೋ ನೆನಪಾಯಿತು. ಅಂಗಾರ ಎಂಬ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಜಾತಿ ಗೊತ್ತಾಗುತ್ತದೆ. ನಾನು ಈ ಕೂಟದಲ್ಲಿ ಎಷ್ಟೋ ವರ್ಷ ಮದ್ದಳೆ ಹೊತ್ತುಕೊಂಡು ಬರುವವನಾಗಿದ್ದೆ. ಮಾಟುಂಗ ರೋಡಿನಲ್ಲಿ ಇಳಿದು, ಸೇತುವೆ ದಾಟಿ, ಹೆಗಲ ಮೇಲೆ ಹೊತ್ತು ತಂದು, ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚಿ, ಭಾಗವತರ ಪಕ್ಕದಲ್ಲಿಟ್ಟು, ಬಾಗಿಲ ಹತ್ತಿರ ಹೋಗಿ ಕೂರುತ್ತಿದ್ದೆ. ಅಲ್ಲಿ ಕೂತೇ ಕಲಿತೆ, ಸ್ವಂತ ತೊಡೆಯ ಮೇಲೆ. ಒಂದು ದಿನ ಬಾರಿಸುವವರು ಬರಲಿಲ್ಲ. ತಿಲಕ್ ಕೈಹಿಡಿದು ಕೂರಿಸಿದರು. ಅಂದಿನಿಂದ ಆ ಜಾಗ ನನ್ನದು. ಅದು ಹೋದರೆ ನನಗೆ ಮತ್ತೆ ಬಾಗಿಲ ಹತ್ತಿರ ಕೂರಲು ಆಗುವುದಿಲ್ಲ.

ನೀವೂ ಹೆಸರು ನೋಡಿಯೇ ದೂರ ಇಟ್ಟಿರಾದರೆ ಹೇಳಿಬಿಡಿ, ನಾನು ತೊಂದರೆ ಕೊಡುವುದಿಲ್ಲ.

ತಗ್ಗಿನ ಪೆಟ್ಟು ಎಡಗೈಯದು.

ಅಂಗಾರ


11 ಆಗಸ್ಟ್ 2025

ಅಂಗಾರಣ್ಣ,

ನಿಮ್ಮ ಕೂಟದವರು ಕರೆಯುವ ಹಾಗೆ ಕರೆದಿದ್ದೇನೆ, ತಪ್ಪು ತಿಳಿಯಬೇಡಿ. ನಿಮ್ಮ ಪತ್ರ ಓದಿ ನನಗೆ ಅಳು ಬಂತು. ನಿಮ್ಮ ಹೆಸರಿನಿಂದ ಜಾತಿ ತಿಳಿಯುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಹೆದರಿದ್ದು ನನ್ನ ಹೆಸರಿಗೆ ನೀವೇನು ಅಂದುಕೊಂಡೀರೋ ಎಂದು.

ಫೋನ್ ಬೇಡ ಎಂದದ್ದಕ್ಕೆ ಕಾರಣ ಇಷ್ಟೇ. ನಾನು ಕಾಲೇಜಿನವಳಲ್ಲ. ನಾನು ಬರೆಯುವ ಕನ್ನಡ ನನ್ನ ಬಾಯಲ್ಲಿ ಬರುವುದಿಲ್ಲ. ಏಳನೆಯ ತರಗತಿಯವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದೆ. ಆ ಶಾಲೆ ಈಗ ಇಲ್ಲ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮ ಬೀಬೀಜಾನ ಬಾಗಲಕೋಟೆ ಕಡೆಯವಳು. ನಮ್ಮ ಮಾತು ಅರ್ಧ ದಖನಿ ಉರ್ದು, ಅರ್ಧ ಅಲ್ಲಿಯ ಕನ್ನಡ. ನಾನು ದಿನವಿಡೀ ಮನೆಯಲ್ಲೇ ಕುಳಿತು ಕಂಪನಿಯೊಂದಕ್ಕೆ ಹಿಂದಿಯಲ್ಲಿ ಟೈಪ್ ಮಾಡುತ್ತೇನೆ. ಹೊರಗಿನವರ ಜೊತೆ ಕನ್ನಡದಲ್ಲಿ ಮಾತಾಡಲು ಹೋದರೆ ನಾಲಿಗೆ ತಡೆಯುತ್ತದೆ. ನೀವು ಮೆಚ್ಚಿದ ಕನ್ನಡ ಕಾಗದದ ಮೇಲಿನದು ಮಾತ್ರ. ಫೋನಿನಲ್ಲಿ ಕೇಳಿದರೆ ನಿಮಗೆ ನಿರಾಸೆಯಾಗುತ್ತದೆ ಎಂದು ಹೆದರಿದೆ.

ಈಗಲೂ ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ, “ಯಾರಿಗ ಬರಿಯಾಕತ್ತೀ ಬೇಟಿ, ಇಷ್ಟ ಉದ್ದ?” ನೆಂಟರಿಗೆ ಎಂದಿದ್ದೇನೆ.

ಮದ್ದಳೆಯ ವಿಷಯ. ಪೆನ್‌ಡ್ರೈವ್ ಸಾಕು, ರೋಶನ್‌ಗೆ ಹೇಳಿ ಸ್ಟುಡಿಯೋವನ್ನೇ ಲ್ಯಾಪ್‌ಟಾಪಿಗೆ ಖಾಯಂ ಹಾಕಿಸಿ. ಆಮೇಲೆ ಇನ್ನೊಮ್ಮೆ ನೋಡೋಣ.

ಗುಲಾಫಶಾ


ದಹಿಸರ್
24 ಆಗಸ್ಟ್ 2025

ಗುಲಾಫಶಾ ಅವರೇ,

ಮೇಡಂ ಎಂದು ಬರೆಯಲು ಇನ್ನು ಕೈ ಬರುವುದಿಲ್ಲ. ಕನ್ನಡ ತಡೆದು ತಡೆದು ಮಾತಾಡುವವರನ್ನು ನಾನು ದಿನಾ ನೋಡುತ್ತೇನೆ. ನಮ್ಮ ಹೋಟೆಲಿನ ಯಜಮಾನರ ಮಕ್ಕಳು “ಅಂಗಾರಣ್ಣ, ಏಕ್ ಮಸಾಲಾ ಬೇಕು ಉಂಟು” ಎನ್ನುತ್ತಾರೆ. ಅವರಿಗೂ ದೋಸೆ ಸಿಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಈಗ ಸ್ಟುಡಿಯೋ ಒಂದೇ. ರೋಶನ್ ಅರ್ಧ ದಿನ ಕೂತು ಹಾಕಿಕೊಟ್ಟ. ಟಿಕ್ಕಿನ ಪರೀಕ್ಷೆ ಮತ್ತೆ ಮಾಡಿದೆ, ಸರಿ ಇದೆ. ನಿನ್ನೆ ರಜೆ ಹಾಕಿ ಇಡೀ ಪ್ರಸಂಗವನ್ನು ಮೊದಲಿನಿಂದ ಮಂಗಳದವರೆಗೆ ಬಾರಿಸಿದ್ದೇನೆ, ಎಲ್ಲಿಯೂ ನಿಲ್ಲಿಸದೆ. ರುಕ್ಮಿಣಿಬಾಯಿ ಮಗಳ ಮನೆಗೆ ಹೋಗಿದ್ದರು, ನನ್ನ ಅದೃಷ್ಟ. ಇಷ್ಟು ಚೆನ್ನಾಗಿ ನಾನು ಈಚೆಗೆ ಬಾರಿಸಿದ ನೆನಪಿಲ್ಲ. ನಾನಿನ್ನೂ ಪದದೊಡನೆ ಸೇರಿಸಿ ಕೇಳಿಲ್ಲ, ಧೈರ್ಯವಾಗಲಿಲ್ಲ. ಫೈಲ್ ದೊಡ್ಡದು, ಈಮೇಲಿಗೆ ಹಿಡಿಸಲಿಲ್ಲ, ಪದದ್ದೂ ಮದ್ದಳೆಯದೂ ಕೊಂಡಿ ಕಳಿಸಿದ್ದೇನೆ, ನೀವು ಮೊದಲು ಕೇಳಿ. ಸರಿಯಿದ್ದರೆ ಸರಿ ಎಂದು ಬರೆಯಿರಿ. ಇಲ್ಲದಿದ್ದರೆ ಇನ್ನೊಂದು ಸಿಸ್ಟಂ ಹೇಳಿ, ಅದನ್ನೂ ಹಾಕಿಸುತ್ತೇನೆ.

ಅಂಗಾರ


13 ಸೆಪ್ಟೆಂಬರ್ 2025

ಅಂಗಾರಣ್ಣ,

ತಡವಾಯಿತು, ಕ್ಷಮಿಸಿ. ಕೆಲಸ ಜಾಸ್ತಿ ಇತ್ತು.

ನೀವು ಕಳಿಸಿದ್ದನ್ನು ಭಾಗವತರ ಪದದೊಡನೆ ಸೇರಿಸಿ, ಸ್ವಲ್ಪ ಶುದ್ಧ ಮಾಡಿ ಕಳಿಸಿದ್ದೇನೆ. ಫ್ಯಾನಿನ ಸದ್ದು, ಹೊರಗಿನ ರಿಕ್ಷಾದ ಸದ್ದು ತೆಗೆದೆ. ಇದನ್ನೇ ತಿಲಕ್ ಅವರಿಗೆ ಕೇಳಿಸಿ. ಸರಿಯಾಗಿದೆ.

ಗುಲಾಫಶಾ


ದಹಿಸರ್
16 ಸೆಪ್ಟೆಂಬರ್ 2025

ಗುಲಾಫಶಾ ಅವರೇ,

ಏನು ಹೇಳಲಿ. ಭಾನುವಾರ ಅಭ್ಯಾಸದ ಮೊದಲು ಮೊಬೈಲಿಗೆ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದೆ. ಒಂದೊಂದು ಪೆಟ್ಟೂ ಜಾಗಕ್ಕೆ ಬಂದು ಕೂತಿದೆ. ತಿಲಕ್ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಹೇಳಿದರು, “ಅಂಗಾರಣ್ಣ, ನಾನು ಸುಮ್ಮನೆ ನಿಮ್ಮನ್ನು ನೋಯಿಸಿದೆ. ನವೆಂಬರಿಗೆ ನೀವೇ ಕೂರ್ಬೇಕು.” ಬ್ಯಾಂಕಿನವರ ಮುಖ ನೋಡಬೇಕಿತ್ತು. ಪಾಪ, ಒಳ್ಳೆಯವರು, ಕೈ ಕುಲುಕಿದರು.

ಕಡೆಗೂ ತಪ್ಪು ಯಂತ್ರದ್ದೇ ಎಂದಾಯಿತಲ್ಲ. ಲೋಕಲಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಕೇಳಿದೆ. ಮನೆಗೆ ಬಂದರೆ ಹೇಳಲು ಯಾರೂ ಇಲ್ಲ, ಮತ್ತೆ ಹಾಕಿ ಕೇಳಿದೆ. ಲ್ಯಾಪ್‌ಟಾಪಿನ ಕೆಲಸ ಮುಗಿಯಿತು, ಅದನ್ನು ರೋಶನ್‌ಗೇ ವಾಪಸು ಕೊಟ್ಟೆ. ಅವನು ಒರೆಸಿ ತೊಳೆದು ಬೇರೆಯವರಿಗೆ ಮಾರುತ್ತಾನಂತೆ.

ನವೆಂಬರ್ 16, ಭಾನುವಾರ, ಮಾಟುಂಗ. ಧಾರವಾಡದಿಂದ ರಾತ್ರಿ ರೈಲಿದೆ. ತಾಯಿಯವರನ್ನೂ ಕರೆದುಕೊಂಡು ಬನ್ನಿ. ಮಾತಾಡಬೇಡಿ, ಬಂದು ಕುಳಿತರೆ ಸಾಕು.

ನಿಮ್ಮ
ಅಂಗಾರಣ್ಣ


9 ನವೆಂಬರ್ 2025

ಅಂಗಾರಣ್ಣ,

ಎಷ್ಟೋ ಸಲ ಬರೆಯಲು ಕುಳಿತು ಎದ್ದಿದ್ದೇನೆ. ಕೂಟಕ್ಕೆ ಇನ್ನು ಒಂದೇ ವಾರ ಇದೆ. ನನ್ನದೊಂದು ಮಾತು ನಡೆಸಿಕೊಡಿ. ನಾಳೆಯೇ ನಿಮ್ಮ ಎಡಗೈಯನ್ನು ಒಬ್ಬ ಡಾಕ್ಟರಿಗೆ ತೋರಿಸಿ. ತಟ್ಟೆ ಜಾರುತ್ತದೆ ಎಂದು ಬರೆದಿದ್ದಿರಿ. ಅದು ಎಣ್ಣೆಯಿಂದ ಅಲ್ಲದಿರಬಹುದು. ಈ ಸಲ ಬ್ಯಾಂಕಿನವರು ಬಾರಿಸಿದರೂ ಏನೂ ಆಗುವುದಿಲ್ಲ, ನಿಮ್ಮ ಜಾಗ ನಿಮ್ಮದೇ.

ಗುಲಾಫಶಾ


ದಹಿಸರ್
11 ನವೆಂಬರ್ 2025

ಗುಲಾಫಶಾ ಅವರೇ,

ಎಡಗೈ ಸುಖವಾಗಿದೆ, ನಿಮ್ಮ ಕ್ಷೇಮ ವಿಚಾರಿಸಿದ್ದಾಗಿ ತಿಳಿಸಲು ಹೇಳಿತು. ದೀಪಾವಳಿಯಲ್ಲಿ ಹೋಟೆಲಿನ ಗದ್ದಲಕ್ಕೆ ಮೈಯೆಲ್ಲ ಬಿಗಿದಿದೆ, ಅಷ್ಟೇ. ಅಭ್ಯಾಸದಲ್ಲಿ ಎರಡು ಸಲ ಹಿಂದೆ ಬಿದ್ದೆ. ತಿಲಕ್ ತಾವೇ ಹೇಳಿದರು, “ಆಯಾಸ. ರೆಕಾರ್ಡಿನಲ್ಲಿ ಕೇಳಿದ್ದೇನಲ್ಲ ನಾನು.”

ನೀವು ಬರುವುದಿಲ್ಲ ಎಂದು ಈ ಪತ್ರದಿಂದ ಗೊತ್ತಾಯಿತು. ಇರಲಿ. ಹೇಗೆ ಆಯಿತು ಎಂದು ಬರೆಯುತ್ತೇನೆ.

ಅಂಗಾರಣ್ಣ


ಗೋರೆಗಾಂವ್
17 ನವೆಂಬರ್ 2025

ಅಂಗಾರಣ್ಣ,

ಮೇಲೆ ಊರಿನ ಹೆಸರು ನೋಡಿದಿರಲ್ಲ. ನಾನು ಧಾರವಾಡವನ್ನು ಕಂಡವಳೇ ಅಲ್ಲ. ಹುಟ್ಟಿದ್ದೂ ಬೆಳೆದದ್ದೂ ಇಲ್ಲೇ, ಗೋರೆಗಾಂವಿನಲ್ಲಿ. ನೀವು ಧಾರವಾಡ ಎಂದಿರಿ, ನಾನು ಅಲ್ಲ ಎನ್ನಲಿಲ್ಲ. ಇಷ್ಟು ಹತ್ತಿರ ಇದ್ದೇನೆ ಎಂದರೆ ನೀವು ಬಂದುಬಿಡುತ್ತಿದ್ದಿರಿ, ನಾನು ಬಾಯಿ ಬಿಡಬೇಕಾಗುತ್ತಿತ್ತು.

ನಿನ್ನೆ ನಾನು ಮಾಟುಂಗಕ್ಕೆ ಬಂದಿದ್ದೆ. ಅಮ್ಮನಿಗೂ ನಿಮ್ಮ ವಿಷಯ ಹೇಳಿ ಕರೆತಂದಿದ್ದೆ. ಕೊನೆಯ ಸಾಲಿನಲ್ಲಿ ಕುಳಿತಿದ್ದೆವು. ನೀವು ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಕೆಂಪು ಶಾಲು ಹಾಕಿ ಕುಳಿತಿದ್ದಿರಿ. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣ ದೇಹ ನಿಮ್ಮದು. ಮೊದಲ ಪದಗಳು ನಿಧಾನದವು, ಚೆನ್ನಾಗಿ ನಡೆಯಿತು. ಅಮ್ಮ ತಲೆಯಾಡಿಸುತ್ತಿದ್ದಳು. ಯುದ್ಧದ ಪದ ಬಂದಾಗ ಭಾಗವತರು ವೇಗ ಹೆಚ್ಚಿಸಿದರು. ನಿಮ್ಮ ಎಡಗೈ ಹಿಂದೆ ಬಿತ್ತು. ಅವರು ನಿಮ್ಮ ಕಡೆ ನೋಡಿದರು, ತಾಳವನ್ನು ನಿಮ್ಮ ಹತ್ತಿರ ತಂದು ಬಡಿದರು. ಆಮೇಲೆ ಎಡಗೈ ನಿಂತೇ ಹೋಯಿತು. ಬಲಗೈ ಒಂದೇ ಬಾರಿಸುತ್ತಿತ್ತು. ಬ್ಯಾಂಕಿನವರು ಹಿಂದಿನಿಂದ ಬಂದು ನಿಮ್ಮ ಪಕ್ಕದಲ್ಲಿ ಕುಳಿತರು. ಅವರು ಕಿತ್ತುಕೊಳ್ಳಲಿಲ್ಲ. ನೀವೇ ಮದ್ದಳೆಯನ್ನು ಎತ್ತಿ ಅವರ ತೊಡೆಯ ಮೇಲಿಟ್ಟಿರಿ. ಪದ ನಿಲ್ಲಲಿಲ್ಲ. ನೀವು ಎದ್ದು, ಬಾಗಿಲ ಹತ್ತಿರವೂ ಕೂರದೆ, ಹೊರಗೆ ಹೋದಿರಿ. ಅಮ್ಮ ನನ್ನ ತೋಳು ಹಿಡಿದು, “ಹೋಗ, ಹೋಗಿ ಮಾತಾಡಸ ಅವರನ್ನ” ಎಂದಳು. ನಾನು ಏಳಲಿಲ್ಲ.

ಅದು ನನ್ನಿಂದ ಆದದ್ದು. ಜುಲೈನ ಫೈಲನ್ನು ನೋಡಿದಾಗಲೇ ನನಗೆ ಗೊತ್ತಾಗಿತ್ತು. ಯಂತ್ರದ ತಡವಾಗಿದ್ದರೆ ಎರಡೂ ಕೈ ಒಂದೇ ಸಮನೆ ತಡವಾಗಬೇಕು. ನಿಮ್ಮ ಬಲಗೈ ಪ್ರತಿಯೊಂದು ಪೆಟ್ಟಿಗೂ ಸರಿಯಾಗಿ ಬಂದಿತ್ತು. ಎಡಗೈ ಮಾತ್ರ ತಡ. ಬರುತ್ತಾ ಬರುತ್ತಾ ಇನ್ನೂ ತಡ. ಅದಕ್ಕೇ ಯಾವ ಕೈ ಎಂದು ಕೇಳಿದ್ದು. ಉತ್ತರ ಬಂದ ಮೇಲೂ ಹೇಳಲಿಲ್ಲ, ಸ್ಟುಡಿಯೋ ಹಾಕಿಸಿ ಎಂದೆ. ಬೇರೆ ಸಿಸ್ಟಮ್ಮಿನಿಂದ ಏನೂ ಆಗುವುದಿಲ್ಲ ಎಂದು ತಿಳಿದೇ ಹೇಳಿದೆ. ವಿಷಯ ಮುಗಿದರೆ ಪತ್ರವೂ ಮುಗಿಯುತ್ತದೆ ಎಂಬ ಭಯ ಇತ್ತು. ನನಗೆ ಕನ್ನಡದಲ್ಲಿ ಪತ್ರ ಬರೆಯುವವರು ಬೇರೆ ಯಾರೂ ಇಲ್ಲ.

ಆಗಸ್ಟಿನದನ್ನು ಕೇಳಿದ ಮೇಲೆ ನಿಮ್ಮ ಜಾಗ ಹೋಗುತ್ತದೆ ಎಂದು ಖಚಿತವಾಯಿತು. ಎರಡು ವಾರ ಕುಳಿತು ಎಡಗೈಯ ಒಂದೊಂದು ಪೆಟ್ಟನ್ನೂ ಕತ್ತರಿಸಿ, ತಡವಾದಷ್ಟು ಮುಂದಕ್ಕೆ ಎಳೆದು, ತಾಳದ ಮೇಲೆ ಕೂರಿಸಿದೆ. ಫ್ಯಾನಿನ ಸದ್ದು ತೆಗೆದೆ ಎಂದದ್ದು ನಿಜ. ಇದನ್ನು ಮಾತ್ರ ಬರೆಯಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ತಿಲಕ್ ಅವರೂ ನೀವೂ ಅದನ್ನು ನಂಬಿದಿರಿ, ನಿಮ್ಮನ್ನು ಇನ್ನೂರು ಜನರ ನಡುವೆ ಕೂರಿಸಿದ್ದು ಅದೇ.

ಬೈದಾದರೂ ಬರೆಯಿರಿ.

ಗುಲಾಫಶಾ


ಗೋರೆಗಾಂವ್
7 ಡಿಸೆಂಬರ್ 2025

ಅಂಗಾರಣ್ಣ,

ಉತ್ತರ ಬರಲಿಲ್ಲ. ಬರದಿರುವುದು ನ್ಯಾಯವೇ. ಡಾಕ್ಟರಿಗೆ ತೋರಿಸಿದಿರಾ, ಅದೊಂದು ತಿಳಿಸಿ ಸಾಕು. ಅಮ್ಮ ದಿನಾ ಕೇಳುತ್ತಾಳೆ, “ಮದ್ದಳಿಯವರು ಹ್ಯಾಂಗ ಅದಾರ?”

ಗುಲಾಫಶಾ


ದಹಿಸರ್
21 ಡಿಸೆಂಬರ್ 2025

ಗುಲಾಫಶಾ ಅವರೇ,

ತೋರಿಸಿದೆ. ನರದ ಕಾಯಿಲೆ, ಈಗ ಶುರು. ಎಡಗಡೆಯಿಂದ ಹಿಡಿದಿದೆ. ಮಾತ್ರೆ ಕೊಟ್ಟಿದ್ದಾರೆ. ಪೂರ್ತಿ ಗುಣವಾಗುವಂಥದ್ದಲ್ಲ, ನಿಧಾನ ಮಾಡಬಹುದು ಎಂದರು. ದೋಸೆಗೆ ಬಲಗೈ ಸಾಕು, ಕೆಲಸ ಸದ್ಯಕ್ಕಿದೆ. ಮದ್ದಳೆ ಇಲ್ಲ.

ನನಗೆ ನಿಮ್ಮ ಮೇಲೆ ಕೋಪ ಇದೆ. ಸುಳ್ಳು ಹೇಳಲಾರೆ. ನೀವು ಆಗಸ್ಟಿನಲ್ಲೇ ಹೇಳಿದ್ದರೆ ನಾನು ಖೋಲಿಯ ಬಾಗಿಲು ಹಾಕಿಕೊಂಡು ಅತ್ತು, ಮರುವಾರ ಹೋಗಿ ನಾನಾಗಿಯೇ ಜಾಗ ಬಿಟ್ಟುಕೊಡುತ್ತಿದ್ದೆ. ಅಂಗಾರ ತಾನಾಗಿಯೇ ಎದ್ದ ಎನ್ನುತ್ತಿದ್ದರು. ಈಗ ಅಂಗಾರನ ಕೈ ನಿಂತಿತು ಎನ್ನುತ್ತಾರೆ. ರೆಕಾರ್ಡು ಮೋಸದ್ದು ಎಂದೂ ಯಾರೋ ಅಂದರಂತೆ. ತಿಲಕ್ ಖೋಲಿಯವರೆಗೆ ಬಂದರು. ಏನೂ ಕೇಳಲಿಲ್ಲ, ಚಹಾ ಕುಡಿದು ಹೋದರು. ಕೇಳಿದ್ದರೆ ಚೆನ್ನಾಗಿತ್ತು.

ನೀವು ಗೋರೆಗಾಂವಿನವರು ಎಂದು ಓದಿದ ದಿನದಿಂದ ಇನ್ನೊಂದು ಸಂಕಟ. ನನ್ನ ಸ್ಲೋ ಲೋಕಲ್ ದಿನಾ ಎರಡು ಸಲ ಅಲ್ಲಿ ನಿಲ್ಲುತ್ತದೆ. ಮೊದಲು ಗೊತ್ತೇ ಆಗುತ್ತಿರಲಿಲ್ಲ. ಈಗ ಬಾಗಿಲ ಕಡೆ ನೋಡುತ್ತೇನೆ, ನಿಮ್ಮ ಮುಖ ಹೇಗಿದೆ ಎಂದೂ ನನಗೆ ಗೊತ್ತಿಲ್ಲ. ಇಷ್ಟು ಹತ್ತಿರ ಇದ್ದು ಇಬ್ಬರೂ ಹೀಗೆ ಒಬ್ಬೊಬ್ಬರೇ ಕೂತಿದ್ದೆವಲ್ಲ ಎಂದು ಕೋಪದ ನಡುವೆಯೂ ಅನಿಸುತ್ತದೆ. ಈಗ ಬರಬೇಡಿ. ಕೋಪ ಇಳಿಯಲಿ. ನಾನೇ ಹೇಳುತ್ತೇನೆ.

ಒಂದು ಕೆಲಸ ಮಾಡಿ. ಡಾಕ್ಟರು ಕೈ ಯಾವಾಗಿನಿಂದ ಹೀಗೆ ಎಂದು ಕೇಳಿದರು, ನನಗೆ ಹೇಳಲಾಗಲಿಲ್ಲ. ನಾನು ಕಳಿಸಿದ್ದೆಲ್ಲ ನಿಮ್ಮಲ್ಲಿದೆ. ನನ್ನಲ್ಲಿ ಒಂದೂ ಇಲ್ಲ, ಲ್ಯಾಪ್‌ಟಾಪಿನ ಜೊತೆ ಹೋಯಿತು. ಎಲ್ಲವನ್ನೂ ಇದ್ದ ಹಾಗೇ ಕಳಿಸಿ. ಮುಖ್ಯವಾಗಿ ಆಗಸ್ಟಿನದು. ಡಾಕ್ಟರಿಗೆ ಮಾತ್ರವಲ್ಲ, ನನಗೂ ಬೇಕು. ನೀವು ಸರಿಮಾಡಿದ್ದು ಚೆನ್ನಾಗಿದೆ, ಆದರೆ ಅದರಲ್ಲಿ ನನ್ನ ಎಡಗೈ ಇಲ್ಲ. ಮೊದಲಿನಿಂದ ಮಂಗಳದವರೆಗೆ ನಾನು ಕೊನೆಯ ಸಲ ಬಾರಿಸಿದ್ದು ಆ ದಿನವೇ. ತಡವಾದ ಕೈಯಾದರೂ ಅದು ನನ್ನದು. ಕೇಳಬೇಕು ಅನಿಸುತ್ತಿದೆ.

ಅಂಗಾರ


ಗೋರೆಗಾಂವ್
22 ಡಿಸೆಂಬರ್ 2025

ಅಂಗಾರಣ್ಣ,

ಜುಲೈನಲ್ಲಿ ನೀವು ಕೊಟ್ಟಿದ್ದ ಎಲ್ಲ ಫೈಲುಗಳನ್ನೂ ಕಳಿಸಿದ್ದೇನೆ. ಒಂದನ್ನೂ ಮುಟ್ಟಿಲ್ಲ. ಡಾಕ್ಟರಿಗೆ ಅಷ್ಟು ಸಾಕಾಗಬಹುದು.

ನೀವು ಕೇಳಿದ್ದು ಅವುಗಳಲ್ಲಿಲ್ಲ. ಬೆಳಗಿನಿಂದ ಹುಡುಕಿದೆ, ಈಮೇಲಿನಲ್ಲಿದ್ದ ಕೊಂಡಿಯ ಅವಧಿಯೂ ಮುಗಿದಿದೆ. ಎಡಗೈಯ ಪೆಟ್ಟುಗಳನ್ನು ಕೂರಿಸಿದ ಮೇಲೆ ನಾನು ಅದನ್ನು ಅದೇ ಹೆಸರಿನಲ್ಲಿ ಉಳಿಸಲು ಹೋಗಿದ್ದೆ. ಆಗ ಯಂತ್ರ ಕೇಳಿತ್ತು: ‘ಈ ಹೆಸರಿನ ಕಡತ ಈಗಾಗಲೇ ಇದೆ. ಹಳೆಯದನ್ನು ಅಳಿಸಿ ಹೊಸದನ್ನು ಇಡಬೇಕೆ?’ ಆ ಪ್ರಶ್ನೆಯನ್ನು ಕನ್ನಡಕ್ಕೆ ತಂದವಳು ನಾನೇ. ಆಸ್ಪತ್ರೆಯಲ್ಲಿ ನನ್ನ ಅಬ್ಬಾ ಮಲಗಿದ್ದ ಮಂಚದ ಪಕ್ಕದಲ್ಲಿ ಕುಳಿತು, ಓದಿದವರು ಒಂದು ಕ್ಷಣ ನಿಂತು ಯೋಚಿಸುವ ಹಾಗಿರಬೇಕು ಎಂದು ಬರೆದಿದ್ದೆ. ನಾನು ಓದಲಿಲ್ಲ. ಹೌದು ಎಂದು ಒತ್ತಿದೆ.

ಗುಲಾಫಶಾ